ಅಜ್ಜಿಯ ಕಿವಿಗೆ ಕಟ್ಟಿದ ಹಾಡು

ನನ್ನ ಹಾಡು ಕೇಳಿದವರು ಮೊದಲು ಹೇಳುವುದು ಒಂದೇ ಮಾತು: ಎಷ್ಟು ಮೆಲ್ಲಗೆ ಹಾಡುತ್ತೀರಿ, ಪಕ್ಕದಲ್ಲಿ ಕೂತು ನಮಗೊಬ್ಬರಿಗೇ ಹೇಳಿದ ಹಾಗಿರುತ್ತದೆ. ಅಮೆರಿಕದ ಐದು ತಂತಿಯ ಬ್ಯಾಂಜೋ ಎಂದರೆ ಕಿವಿ ಗುಂಯ್ ಎನ್ನಿಸುವ ವಾದ್ಯವೆಂದೇ ಎಲ್ಲರ ಲೆಕ್ಕ. ಅದನ್ನು ಇಷ್ಟು ಸಣ್ಣ ದನಿಯಲ್ಲಿ ನುಡಿಸುವುದನ್ನು ಎಲ್ಲಿ ಕಲಿತಿರಿ, ಇದು ಯಾವ ಪರಂಪರೆ ಎಂದು ಕೇಳುತ್ತಾರೆ. ನಾರ್ತ್ ಕ್ಯಾರೊಲೈನಾದ ಸಣ್ಣ ಸಣ್ಣ ಊರುಗಳಲ್ಲಿ, ಕಾಫಿ ಅಂಗಡಿಗಳಲ್ಲಿ, ಪುಸ್ತಕದ ಅಂಗಡಿಗಳ ಹಿಂಬದಿಯಲ್ಲಿ ಮೂವತ್ತು ನಲವತ್ತು ಜನ ಕೂತು ಕೇಳುವ ಹಾಡು ನನ್ನದು. ಅವರಿಗೆ ಏನೋ ಒಂದು ಹೇಳಿ ತಪ್ಪಿಸಿಕೊಳ್ಳುತ್ತೇನೆ. ನಿಜ ಹೇಳಬೇಕೆಂದರೆ ಶೈಲಿಯೂ ಇಲ್ಲ, ಮಣ್ಣಂಗಟ್ಟಿಯೂ ಇಲ್ಲ. ಅಪ್ಪನಿಗೆ ಮೀಟಿಂಗ್ ಇರುತ್ತಿತ್ತು, ಅಷ್ಟೇ.

ನಾನು ಬೆಳೆದದ್ದು ಇನ್ನೂ ಉತ್ತರಕ್ಕಿರುವ ಬೇರೆ ರಾಜ್ಯದಲ್ಲಿ. ಕ್ಲಾರ್ಕ್ಸ್‌ಬರ್ಗಿನ ನಮ್ಮ ಟೌನ್‌ಹೌಸ್ ಹೊರಗಿನಿಂದ ನೋಡಿದರೆ ಇಟ್ಟಿಗೆಯದು, ಒಳಗೆ ಬರೀ ಡ್ರೈವಾಲ್, ರಟ್ಟಿನಂಥ ಹಲಗೆ. ಒಂದು ರೂಮಿನಲ್ಲಿ ಸೀನಿದರೆ ಪಕ್ಕದ ರೂಮಿನವರು ಬ್ಲೆಸ್ ಯೂ ಅನ್ನಬೇಕು, ಅಂಥ ಗೋಡೆ. ನಾವು ಮೈಸೂರಿನಿಂದ ಬಂದಾಗ ನನಗೆ ಹತ್ತು ವರ್ಷ. ಅಲ್ಲಿಯ ಸ್ಕೂಲಿನಲ್ಲಿ ಕಲಿತ ಕನ್ನಡ ಹೇಗೋ ಕೈಬಿಡದೆ ಉಳಿದುಕೊಂಡಿತು, ಅದರಿಂದ ಇದನ್ನು ಬರೆಯಲು ಆಗುತ್ತಿದೆ. ಕೋವಿಡ್ ಬಂದು ಊರೆಲ್ಲ ಮನೆಯೊಳಗೆ ಸೇರಿಕೊಂಡಾಗ ನಾನು ಏಳನೆಯ ಗ್ರೇಡು. ಅಪ್ಪ ಮೇಲಿನ ಮಹಡಿಯ ಗೆಸ್ಟ್ ರೂಮನ್ನು ಆಫೀಸು ಮಾಡಿಕೊಂಡರು. ಅಲ್ಲಿಂದ ಮುಂದೆ ಆ ಮನೆ ನಮ್ಮದಾಗಿ ಉಳಿಯಲಿಲ್ಲ, ಅಪ್ಪನ ಟೀಮಿನದಾಯಿತು. ಕುಕ್ಕರ್ ಯಾವಾಗ ಕೂಗಬೇಕು, ಮಿಕ್ಸಿ ಯಾವಾಗ ತಿರುಗಬೇಕು, ಬಚ್ಚಲಲ್ಲಿ ನೀರು ಯಾವಾಗ ಬಿಡಬೇಕು ಎಲ್ಲವನ್ನೂ ಕ್ಯಾಲೆಂಡರ್ ನೋಡಿ ತೀರ್ಮಾನ ಮಾಡಬೇಕಿತ್ತು. ಮೆಟ್ಟಿಲ ಮೇಲಿನಿಂದ ಅಪ್ಪನ ತಲೆ ಮಾತ್ರ ಕಾಣಿಸುತ್ತಿತ್ತು, ಕೆಳಗೆ ಅಡುಗೆಮನೆಯಿಂದ ಅಮ್ಮ ಉತ್ತರ ಕೊಡುತ್ತಿದ್ದಳು.

“ಸುಮಾ, ಈಗ ನಾನು ಪ್ರೆಸೆಂಟ್ ಮಾಡ್ಬೇಕು. ಮಿಕ್ಸಿ ಆಮೇಲೆ ಹಾಕು.”

“ಆಮೇಲೆ ಅಂದ್ರೆ ಯಾವಾಗ್ರೀ? ಇಡ್ಲಿ ಆರಿ ತಣ್ಣಗಾಯ್ತು, ಚಟ್ನಿ ಇಲ್ಲ.”

“ಚಟ್ನಿಪುಡಿ ಹಾಕ್ಕೊಂಡ್ ತಿಂದ್ರಾಯ್ತು ಬಿಡು.”

ಆ ವರ್ಷ ನಾವು ತಿಂದಷ್ಟು ಚಟ್ನಿಪುಡಿಯನ್ನು ಯಾರೂ ತಿಂದಿರಲಿಕ್ಕಿಲ್ಲ. ಆದರೆ ಚಟ್ನಿಗಿಂತ ದೊಡ್ಡದೊಂದು ಆ ಮನೆಯಲ್ಲಿ ನಿಂತುಹೋಗಿತ್ತು, ಅದು ಅಮ್ಮನ ಹಾಡು. ಮೈಸೂರಿನಲ್ಲಿ ಅಮ್ಮ ಒಂದು ಸುಗಮ ಸಂಗೀತದ ತಂಡದಲ್ಲಿ ಹಾಡುತ್ತಿದ್ದವಳು. ಮದುವೆ ಆರತಕ್ಷತೆ, ಗಣಪತಿ ಪೆಂಡಾಲು, ದಸರೆಯ ಸಣ್ಣ ವೇದಿಕೆಗಳು, ಎಲ್ಲ ಕಡೆ ಸುಮಾ ಹಾಡುತ್ತಾಳೆಂದರೆ ಜನ ಕುರ್ಚಿ ಮುಂದಕ್ಕೆ ಎಳೆದುಕೊಳ್ಳುತ್ತಿದ್ದರಂತೆ. ಇಲ್ಲಿಗೆ ಅವಳು ಬಂದಿದ್ದು ಅಪ್ಪನ ವೀಸಾದ ಬಾಲ ಹಿಡಿದು. ಕೆಲಸ ಮಾಡುವ ಹಾಗಿರಲಿಲ್ಲ. ಡ್ರೈವಿಂಗ್ ಕಲಿತಳು, ನನ್ನನ್ನು ಸ್ಕೂಲಿಗೆ ಬಿಟ್ಟಳು, ವಾರಕ್ಕೊಮ್ಮೆ ಲ್ಯಾನ್‌ಹ್ಯಾಮಿನ ದೇವಸ್ಥಾನಕ್ಕೆ ಹೋಗಿ ಪ್ರದಕ್ಷಿಣೆ ಹಾಕಿದಳು. ಅಡುಗೆಮನೆಯಲ್ಲಿ ಮಾತ್ರ ಗಂಟಲು ಬಿಟ್ಟು ಹಾಡುತ್ತಿದ್ದಳು. ಅದೂ ಹೋದಮೇಲೆ ಒಲೆಯ ಮೇಲಿನ ಫ್ಯಾನ್ ಜೋರಾಗಿ ಹಾಕಿಕೊಂಡು ಅದರ ಕೆಳಗೆ ತಲೆ ತೂರಿಸಿ ಗುನುಗುತ್ತಿದ್ದಳು. ಒಲೆಯ ಮೇಲೆ ಕೆಲವು ಸಲ ಪಾತ್ರೆಯೇ ಇರುತ್ತಿರಲಿಲ್ಲ.

ಬ್ಯಾಂಜೋ ಬಂದಿದ್ದು ನಮ್ಮ ಸಾಲಿನ ಕೊನೆಯ ಮನೆಯ ಮಿಸ್ ಲೊರೆಟ್ಟಾ ಅವರಿಂದ. ನಾರ್ತ್ ಕ್ಯಾರೊಲೈನಾದ ಬೆಟ್ಟದ ಕಡೆಯವರು, ಗಂಡ ತೀರಿಕೊಂಡಮೇಲೆ ಮಗನ ಜೊತೆ ಇರಲು ಬಂದಿದ್ದರು. ಗ್ಯಾರೇಜು ಖಾಲಿ ಮಾಡುವಾಗ ಗಂಡನ ಬ್ಯಾಂಜೋವನ್ನು ಹುಲ್ಲಿನ ಮೇಲೆ ಇಟ್ಟು, ನಾನು ಅದನ್ನೇ ನೋಡುತ್ತ ನಿಂತಿದ್ದನ್ನು ಕಂಡು ತಗೊಂಡು ಹೋಗು ಅಂದರು. ಮನೆಗೆ ತಂದಾಗ ಅಮ್ಮ ಕೇಳಿದ ಮೊದಲ ಪ್ರಶ್ನೆ ಅದರ ಮುಖಕ್ಕೆ ಕಟ್ಟಿರುವುದು ಯಾವ ಪ್ರಾಣಿಯ ಚರ್ಮ ಎಂದು. ಪ್ಲಾಸ್ಟಿಕ್ ಎಂದು ತಿಳಿದಮೇಲೆ ಒಳಗೆ ಬಿಟ್ಟಳು. ಪಾಠವೆಲ್ಲ ಹೊರಗೇ ನಡೆಯಿತು, ಅವರು ಮನೆಯ ಹಿಂದಿನ ಮರದ ಡೆಕ್ಕಿನ ಮೇಲೆ, ನಾನು ಕೆಳಗೆ ಹುಲ್ಲಿನ ಮೇಲೆ, ಇಬ್ಬರಿಗೂ ಮಾಸ್ಕು. ಬಲಗೈ ಬೆರಳುಗಳನ್ನು ಮಡಚಿಕೊಂಡು ಉಗುರಿನ ಬೆನ್ನಿನಿಂದ ತಂತಿಯನ್ನು ಕೆಳಕ್ಕೆ ತಟ್ಟಬೇಕು. ಕೈ ಮೇಲೇಳುವಾಗ ಹೆಬ್ಬೆರಳು ಐದನೆಯ ಗಿಡ್ಡ ತಂತಿಯನ್ನು ಮೀಟಿ ಬಿಡಬೇಕು. ಹಾಡು ಎಲ್ಲಿಗೆ ಹೋದರೂ ಆ ಗಿಡ್ಡ ತಂತಿ ಮಾತ್ರ ತನ್ನ ಒಂದೇ ಸ್ವರ ಹಿಡಿದು ಕೂತಿರುತ್ತದೆ. ನಾನು ತಂತಿಗಳನ್ನು ಚಚ್ಚುತ್ತಿದ್ದೆ. ಮಿಸ್ ಲೊರೆಟ್ಟಾ ನನ್ನನ್ನು ನಿಲ್ಲಿಸಿ ಹೇಳಿದ್ದನ್ನು ಕನ್ನಡದಲ್ಲಿ ಹೇಳುವುದಾದರೆ ಹೀಗೆ:

“ಯಾಕಮ್ಮ ಹೊಡೀತೀಯ ಅದನ್ನ? ಒಳಗೆ ಮಗು ಮಲಗಿದೆ ಅಂದ್ಕೊಂಡು ಬಾಗಿಲು ತಟ್ಟು.”

ಬಾಗಿಲು ತಟ್ಟಿದರೂ ಅಪ್ಪನಿಗೆ ಕೇಳಿಸುತ್ತಿತ್ತು. ನನ್ನ ರೂಮಿಗೂ ಅವರ ಆಫೀಸಿಗೂ ಒಂದೇ ಗೋಡೆ. ಎರಡು ದಿನ ಬೈಸಿಕೊಂಡಮೇಲೆ ಮನೆಯೆಲ್ಲ ಹುಡುಕಿ ಒಂದು ಜಾಗ ಕಂಡುಕೊಂಡೆ. ಅಪ್ಪ ಅಮ್ಮನ ಬೆಡ್‌ರೂಮಿನ ಒಳಗಿನ ಕ್ಲಾಸೆಟ್, ಮನುಷ್ಯರು ಒಳಗೆ ಹೋಗಿ ಕೂರುವಷ್ಟು ದೊಡ್ಡದು. ಎರಡೂ ಪಕ್ಕದಲ್ಲಿ ಅಮ್ಮನ ಸೀರೆಗಳು ಹ್ಯಾಂಗರಿನಲ್ಲಿ ತೂಗುತ್ತಿದ್ದವು. ಮೈಸೂರು ಸಿಲ್ಕು, ಕಂಜೀವರಂ, ಅವಳ ಅತ್ತೆ ಕೊಟ್ಟಿದ್ದ, ಒಮ್ಮೆಯೂ ಉಡದ ಬನಾರಸ್. ಉಡುವ ಕಡೆ ಎಲ್ಲೂ ಇಲ್ಲದೆ ಅವು ಸುಮ್ಮನೆ ಅಲ್ಲಿದ್ದವು. ಬಾಗಿಲು ಹಾಕಿಕೊಂಡು ಅವುಗಳ ನಡುವೆ ಕೂತರೆ ಸದ್ದೆಲ್ಲ ರೇಷ್ಮೆಯೊಳಗೆ ಇಳಿದುಹೋಗುತ್ತಿತ್ತು. ಅದೂ ಸಾಲದೆಂದು ಬ್ಯಾಂಜೋದ ತೆರೆದ ಬೆನ್ನಿನೊಳಗೆ ಅಪ್ಪನ ದಪ್ಪ ಸಾಕ್ಸ್ ತುರುಕಿದೆ. ಗಣಗಣ ಎನ್ನುತ್ತಿದ್ದ ವಾದ್ಯ ಮರದ ಡಬ್ಬಿ ತಟ್ಟಿದ ಹಾಗೆ ನುಡಿಯತೊಡಗಿತು, ದುಂಡಗೆ, ಗಿಡ್ಡಗೆ. ಅದರ ಮೇಲೆ ಹಾಡಬೇಕಾದರೆ ಉಸಿರಿಗಿಂತ ಸ್ವಲ್ಪ ಜಾಸ್ತಿ ದನಿ ಸಾಕು. ಒಂದೊಂದು ಮಾತಿನ ನಡುವೆ ತುಟಿ ಬಿಡಿಸುವ ಸದ್ದೂ ಕೇಳುತ್ತದೆ. ನನ್ನ ದನಿ ನನಗೆ ಮೊದಲ ಸಲ ಸಿಕ್ಕಿದ್ದು ಅಲ್ಲಿ. ಈಗಲೂ ಸಾಕ್ಸ್ ತುರುಕಿಯೇ ನುಡಿಸುತ್ತೇನೆ.

ಒಂದು ಮಧ್ಯಾಹ್ನ ಅಮ್ಮ ಸೀರೆಗಳಿಗೆ ಗಾಳಿ ಆಡಿಸಲು ಬಾಗಿಲು ತೆಗೆದವಳು ನಾನು ಹಾಡುತ್ತಿದ್ದುದನ್ನು ನೋಡಿ ಅಲ್ಲೇ ನಿಂತಳು. ಬೈಯುತ್ತಾಳೆಂದುಕೊಂಡೆ. ಒಳಗೆ ಬಂದು ಬಾಗಿಲು ಹಾಕಿಕೊಂಡು ಎದುರಿಗೆ ಚಕ್ಕಂಬಕ್ಕಳ ಹಾಕಿ ಕೂತಳು.

“ಗಂಟ್ಲು ಬಿಟ್ಟು ಹಾಡೇ ಪುಟ್ಟಿ. ಇದೇನಿದು, ಜ್ವರ ಬಂದೋರ್ ಥರ.”

“ಗಂಟ್ಲು ಬಿಟ್ರೆ ಅಪ್ಪ ಬರ್ತಾರೆ.”

“ಅದೂ ನಿಜವೇ,” ಎಂದು ನಕ್ಕಳು. ಸ್ವಲ್ಪ ಹೊತ್ತು ಕೇಳಿ, ಆ ಗಿಡ್ಡ ತಂತಿಯ ಮೇಲೆ ಬೆರಳಿಟ್ಟು ಹೇಳಿದಳು: “ಇದು ನಮ್ಮ ಶ್ರುತಿ ಅಲ್ವೇನೇ. ತಂಬೂರಿ ಕೆಲಸ ಇವನೊಬ್ಬನೇ ಮಾಡ್ತಾನೆ.”

ಅಂದಿನಿಂದ ಊಟ ಮುಗಿದು ಪಾತ್ರೆ ತೊಳೆದಾದ ಮೇಲೆ ಅಮ್ಮ ಕ್ಲಾಸೆಟ್ಟಿಗೆ ಬರುವುದು ಅಭ್ಯಾಸವಾಯಿತು. ನಾನು ಆನ್‌ಲೈನ್ ಕ್ಲಾಸು ಮುಗಿಸಿ ಕಾಯುತ್ತಿದ್ದೆ. ಕೋಡುಬಳೆ ಡಬ್ಬಿ ತರುತ್ತಿದ್ದಳು, ಕಚ್ಚಿದರೆ ಸದ್ದಾಗುತ್ತದೆಂದು ಇಬ್ಬರೂ ಬಾಯಲ್ಲಿಟ್ಟು ನೆನೆಸಿ ತಿನ್ನುತ್ತಿದ್ದೆವು. ಅಮ್ಮನಿಗೆ ನನ್ನ ಹಾಡು ಇಷ್ಟವಾಗುತ್ತದೆ ಎನ್ನುವುದು ನನಗೆ ಆ ವಯಸ್ಸಿನಲ್ಲಿ ಎಷ್ಟು ದೊಡ್ಡ ವಿಷಯವಾಗಿತ್ತು ಎಂದು ಹೇಳುವುದಕ್ಕೆ ಈಗಲೂ ನಾಚಿಕೆ. ಮಿಸ್ ಲೊರೆಟ್ಟಾ ಅವರಿಗೆ ಅವರೇ ಕಲಿಸಿದ್ದನ್ನು ನುಡಿಸಿ ತೋರಿಸುತ್ತಿದ್ದೆ. ನಾನೇ ಕಟ್ಟಿದ್ದನ್ನು ಅಮ್ಮನಿಗೆ ಮಾತ್ರ ಇಟ್ಟುಕೊಳ್ಳುತ್ತಿದ್ದೆ. ಸ್ಕೂಲಿನಲ್ಲಿ ಸ್ನೇಹಿತರೆಂದರೆ ಪರದೆಯ ಮೇಲಿನ ಚೌಕಗಳು, ನನಗೆ ಇದ್ದವಳು ಅಮ್ಮ ಒಬ್ಬಳೇ.

ಇನ್ನು ಅಜ್ಜಿ. ಅಮ್ಮನ ಅಮ್ಮ, ಮೈಸೂರಿನಲ್ಲಿ ಮಾವನ ಮನೆಯಲ್ಲಿದ್ದರು. ಪ್ರತಿ ಭಾನುವಾರ ನಮಗೆ ಬೆಳಗಿನ ಕಾಫಿಯ ಹೊತ್ತಿಗೆ ವಿಡಿಯೋ ಕಾಲ್. ಅಜ್ಜಿಗೆ ಫೋನ್ ಎಂದರೆ ಕಿವಿಗೆ ಇಟ್ಟುಕೊಳ್ಳುವ ವಸ್ತು. ಮುಖದ ಮುಂದೆ ಹಿಡಿದುಕೊಳ್ಳಿ ಎಂದು ಮಾವ ಎಷ್ಟು ಹೇಳಿಕೊಟ್ಟರೂ ಮಾತು ಶುರುವಾಗುತ್ತಿದ್ದ ಹಾಗೆ ಕೈ ತಾನಾಗಿ ಕಿವಿಗೆ ಹೋಗುತ್ತಿತ್ತು. ನಮಗೆ ಕಾಣಿಸುತ್ತಿದ್ದುದು ಪರದೆ ತುಂಬ ಒಂದು ಕಿವಿ, ಅದರಲ್ಲಿ ಹಳೆಯ ಓಲೆ, ಓಲೆಯ ಭಾರಕ್ಕೆ ಜೋತ ತೂತು, ಪಕ್ಕದಲ್ಲಿ ನಾಲ್ಕು ಬಿಳಿ ಕೂದಲು. ಅಜ್ಜಿ ನಕ್ಕಾಗ ಕಿವಿ ಮೇಲೆ ಹೋಗುತ್ತಿತ್ತು. ಸಿಟ್ಟು ಬಂದರೆ ಒಂಚೂರು ಹಿಂದಕ್ಕೆ ಸರಿಯುತ್ತಿತ್ತು. ಒಂದೂಕಾಲು ವರ್ಷ ನಾನು ನನ್ನ ಅಜ್ಜಿಯ ಕಿವಿಯ ಜೊತೆ ಮಾತಾಡಿದ್ದೇನೆ.

ಕೋವಿಡ್‌ನ ಎರಡನೆಯ ಅಲೆಯಲ್ಲಿ ಅಜ್ಜಿ ತೀರಿಹೋದರು. ನಾವು ಮೈಸೂರಿಗೆ ಹೋಗುವ ಹಾಗಿರಲಿಲ್ಲ. ಹೋದರೆ ವಾಪಸು ಬರಲು ಪಾಸ್‌ಪೋರ್ಟಿಗೆ ಹೊಸದಾಗಿ ವೀಸಾ ಮುದ್ರೆ ಹಾಕಿಸಬೇಕು, ಅದನ್ನು ಹಾಕುವ ಅಲ್ಲಿಯ ಕಾನ್ಸುಲೇಟ್ ಮುಚ್ಚಿತ್ತು. ಅಮ್ಮ ಸೂಟ್‌ಕೇಸ್ ತೆಗೆದು ಹಾಸಿಗೆ ಮೇಲೆ ಇಟ್ಟಳು, ಅಪ್ಪ ಬಾಗಿಲಲ್ಲಿ ಬಂದು ನಿಂತರು, ಅಮ್ಮ ಸೂಟ್‌ಕೇಸನ್ನು ವಾಪಸು ಒಳಗಿಟ್ಟಳು. ಮಾವ ಫೋನ್ ಹಿಡಿದು ತೋರಿಸಿದ್ದನ್ನು ನಾವು ಸೋಫಾದ ಮೇಲೆ ಕೂತು ನೋಡಿದೆವು. ಸುತ್ತಿಟ್ಟಿದ್ದ ಬಟ್ಟೆಯಲ್ಲಿ ಒಂದು ಕಡೆ ಸ್ವಲ್ಪ ಮಾತ್ರ ತೆರೆದಿತ್ತು. ಅದರಲ್ಲೂ ನನಗೆ ಕಂಡಿದ್ದು ಕಿವಿಯೇ. ಓಲೆ ತೆಗೆದಿದ್ದರು. ಅಮ್ಮ ತಲೆಗೆ ಸ್ನಾನ ಮಾಡಿ ಬಂದು ಒದ್ದೆ ಕೂದಲಲ್ಲೇ ಹಾಸಿಗೆಯಲ್ಲಿ ಮಲಗಿದಳು. ಮದುವೆಯಾದ ಮಗಳಿಗೆ ಸೂತಕ ಮೂರು ದಿನ, ಮೂರು ದಿನ ದೇವರ ದೀಪ ಹಚ್ಚಲಿಲ್ಲ. ಮೂರು ದಿನ ಅಪ್ಪ ಅನ್ನ ಸಾರು ಮಾಡಿದರು, ಮೀಟಿಂಗಿನ ಮಧ್ಯೆ ಎದ್ದು ಬಂದು.

ಆಮೇಲೆ ಆ ಹಾಡು ಬಂತು. ಕ್ಲಾಸೆಟ್ಟಿನಲ್ಲಿ ಕೂತಿದ್ದೆ, ಕೈ ಸುಮ್ಮನೆ ಓಡುತ್ತಿತ್ತು. ಮುಖ ತೋರು ಅಂದರೆ ಕಿವಿ ತೋರುತ್ತೀಯ, ಕಿವಿಯಲ್ಲೇ ನಗುತ್ತೀಯ ಅಜ್ಜೀ ಎಂಬಲ್ಲಿಂದ ಶುರುವಾಯಿತು. ಅದಕ್ಕೆ ತಾಳ ಸರಿಯಾಗಿ ಇರಲಿಲ್ಲ. ಒಂದು ಸಾಲು ಉದ್ದ, ಒಂದು ಗಿಡ್ಡ, ಅಜ್ಜಿ ಎಂಬಲ್ಲಿ ಕೈ ನಿಂತೇ ಹೋಗುತ್ತಿತ್ತು, ಮತ್ತೆ ಮನಸ್ಸು ಬಂದಾಗ ಮುಂದಕ್ಕೆ. ಓಲೆ ಯಾರಿಗೆ ಕೊಟ್ಟೆ, ಈಗ ನಾನು ಯಾವುದಕ್ಕೆ ಮಾತಾಡಲಿ ಎಂದು ಕೊನೆ. ಹಾಡು ಅಂದರೆ ಅಷ್ಟೇ, ಹದಿನಾಲ್ಕು ವರ್ಷದವಳು ಕಟ್ಟಿದ್ದು. ಆದರೆ ಅದು ಪೂರ್ತಿ ನನ್ನದಾಗಿತ್ತು. ಅದನ್ನು ಅಮ್ಮನಿಗೆ ಹಾಡಿ ತೋರಿಸಿದೆ. ಅಮ್ಮ ಪಕ್ಕದಲ್ಲಿ ತೂಗುತ್ತಿದ್ದ ಸೀರೆಯ ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು, ಗೋಡೆಯಾಚೆ ಕೇಳಿಸಬಾರದೆಂದು.

“ಇನ್ನೊಂದ್ಸಲ ಹಾಡು,” ಅಂದಳು.

ಹಾಡಿದೆ. ಮರುದಿನವೂ ಅದನ್ನೇ ಕೇಳಿದಳು, ಅದರ ಮರುದಿನವೂ. ಕಣ್ಣು ಮುಚ್ಚಿಕೊಂಡು, ತೊಡೆಯ ಮೇಲೆ ಬೆರಳು ಮಡಚುತ್ತ, ಅಂಗೈ ತಟ್ಟುತ್ತ ಕೇಳುತ್ತಿದ್ದಳು. ನನ್ನ ಹಾಡಿನಿಂದ ಅಮ್ಮನಿಗೆ ಸಮಾಧಾನವಾಗುತ್ತಿದೆ ಎಂದು ನಾನು ಉಬ್ಬಿಹೋದೆ. ಒಂದು ದಿನ ಕೇಳಿಕೊಂಡೆ:

“ಅಮ್ಮ, ಇದನ್ನ ಯಾರ ಮುಂದೇನೂ ಹಾಡ್ಬೇಡ, ಹೇಳ್ಬೇಡ. ಇದು ನಂದೂ ಅಜ್ಜಿದೂ.”

“ನಾನ್ಯಾಕೆ ಹಾಡ್ಲಿ,” ಎಂದಳು ಅಮ್ಮ. ನನ್ನ ತಲೆಯ ಮೇಲೆ ಕೈ ಇಟ್ಟಳು. “ನಿನ್ನಾಣೆ.”

ನವರಾತ್ರಿಗೆ ನಮ್ಮ ಕಡೆಯ ಕನ್ನಡದವರು ಒಂಬತ್ತು ಸಂಜೆ ಜೂಮಿನಲ್ಲಿ ಸಂಗೀತ ಇಟ್ಟುಕೊಂಡಿದ್ದರು. ದಿನಕ್ಕೆ ಒಂದು ಮನೆಯವರು ಮೊದಲೇ ರೆಕಾರ್ಡ್ ಮಾಡಿದ ವಿಡಿಯೋ ಕಳಿಸಬೇಕು. ಅಮ್ಮ ಹಸಿರು ಮೈಸೂರು ಸಿಲ್ಕು ಉಟ್ಟು ಗೊಂಬೆಗಳ ಮುಂದೆ ಕೂತು ರೆಕಾರ್ಡ್ ಮಾಡಿದ್ದು ನನಗೆ ಗೊತ್ತಿತ್ತು, ನಾನು ಆಗ ಸ್ಕೂಲಿನಲ್ಲಿದ್ದೆ. ಏನು ಹಾಡಿದೆ ಎಂದರೆ ಯಾವುದೋ ದೇವೀ ಹಾಡು ಅಂದಳು. ಸಂಜೆ ಮೂವರೂ ಸೋಫಾದ ಮೇಲೆ ಕೂತೆವು. ಮಡಿಲಲ್ಲಿ ಕಡಲೆಕಾಳು ಉಸಲಿ. ವಿಡಿಯೋ ಶುರುವಾಯಿತು. ಕೀಬೋರ್ಡು, ತಬಲ, ಮಧ್ಯೆ ಕೊಳಲು. ಅಮ್ಮ ಬಾಯಿ ತೆಗೆದಳು, ಗಂಟಲು ಬಿಟ್ಟು, ತುಂಬು ದನಿಯಲ್ಲಿ: ಮೊಗವ ತೋರೆಯಾ ತಾಯೇ, ಕಿವಿಗೊಡು ನನ್ನ ಮೊರೆಗೆ.

ನನ್ನ ಹಾಡು. ಸ್ವರಕ್ಕೆ ಸ್ವರ ನನ್ನದು. ನನ್ನ ಉದ್ದ ಸಾಲನ್ನು ಕತ್ತರಿಸಿ, ಗಿಡ್ಡ ಸಾಲನ್ನು ಎಳೆದು, ಎಲ್ಲವನ್ನೂ ಆದಿತಾಳಕ್ಕೆ ಕೂರಿಸಿದ್ದಳು. ಅಜ್ಜಿಯನ್ನು ತೆಗೆದು ಅಲ್ಲಿ ಚಾಮುಂಡಿಯನ್ನು ಇಟ್ಟಿದ್ದಳು. ನನಗೆ ಆಗ ಅರ್ಥವಾಯಿತು, ಅವಳು ಮತ್ತೆ ಮತ್ತೆ ಹಾಡಿಸಿದ್ದು ಯಾಕೆ, ತೊಡೆಯ ಮೇಲೆ ಬೆರಳು ಮಡಚಿದ್ದು ಯಾಕೆ. ಅವಳು ಗುರುಗಳ ಮುಂದೆ ಕೂತು ಕಲಿತಿದ್ದೇ ಹಾಗೆ, ಕಣ್ಣು ಮುಚ್ಚಿ, ತಾಳ ಹಾಕುತ್ತ, ಪಾಠ ಬಾಯಿಗೆ ಬರುವ ತನಕ. ನಾನು ಅಮ್ಮನಿಗೆ ಸಮಾಧಾನ ಮಾಡುತ್ತಿದ್ದೇನೆಂದುಕೊಂಡಿದ್ದೆ, ಅವಳು ಪಾಠ ಹೇಳಿಸಿಕೊಳ್ಳುತ್ತಿದ್ದಳು. ಆ ತಬಲ ಕೀಬೋರ್ಡಿನ ಟ್ರ್ಯಾಕು ಮೈಸೂರಿನ ಅವಳ ಹಳೆಯ ತಂಡದವರು ಮಾಡಿ ಕಳಿಸಿದ್ದು. ಅದು ಒಂದು ದಿನದಲ್ಲಿ ಆಗುವ ಕೆಲಸವಲ್ಲ. ವಾರಗಟ್ಟಲೆ ನನ್ನ ಎದುರಿಗೆ ಕೋಡುಬಳೆ ತಿನ್ನುತ್ತ ಇದನ್ನು ಮುಚ್ಚಿಟ್ಟಿದ್ದಳು. ಹಾಡು ಮುಗಿಯಿತು, ಚೌಕಗಳಲ್ಲಿ ಎಲ್ಲರೂ ಕೈ ಆಡಿಸಿ ಚಪ್ಪಾಳೆ ಹೊಡೆದರು. ನಿರೂಪಣೆ ಮಾಡುತ್ತಿದ್ದ ಅಂಕಲ್ ಒಬ್ಬರು ಕೇಳಿದರು:

“ಸುಮಾ ಅವ್ರೇ, ಕಣ್ಣಲ್ಲಿ ನೀರು ಬಂತು. ಸಾಹಿತ್ಯ, ರಾಗ ಸಂಯೋಜನೆ ಯಾರದ್ದು?”

ಅಮ್ಮ ನನ್ನ ಪಕ್ಕದಲ್ಲಿ ಕೂತೇ ಅನ್‌ಮ್ಯೂಟ್ ಮಾಡಿದಳು. ನನ್ನ ಕಡೆ ನೋಡಲಿಲ್ಲ.

“ಎರಡೂ ನಂದೇ. ಅಮ್ಮ ಹೋದ್ಮೇಲೆ ಹಾಗೇ ಬಂದ್ಬಿಡ್ತು.”

ಉಸಲಿ ಬಟ್ಟಲನ್ನು ಟೀಪಾಯಿಯ ಮೇಲಿಟ್ಟು ಎದ್ದು ಅಡುಗೆಮನೆಗೆ ಹೋದೆ. ಕಾರ್ಯಕ್ರಮ ಮುಗಿಯುವ ತನಕ ಸಿಂಕಿನ ಮುಂದೆ ನಿಂತೆ. ಆಮೇಲೆ ಅಮ್ಮ ಬಂದಳು, ಸೀರೆಯಲ್ಲೇ, ಮುಖ ಕೆಂಪಾಗಿತ್ತು, ಖುಷಿಗೆ. ಅಷ್ಟು ಖುಷಿಯಾಗಿ ಅವಳನ್ನು ಈ ದೇಶದಲ್ಲಿ ನಾನು ನೋಡಿರಲೇ ಇಲ್ಲ.

“ನನ್ನ ಮೇಲೆ ಆಣೆ ಇಟ್ಟಿದ್ದೆ ನೀನು.”

“ನಿನ್ನ ಹಾಡು ನಾನೆಲ್ಲಿ ಹಾಡ್ದೆ? ನಿಂದು ಅಜ್ಜಿ ಮೇಲೆ, ನಂದು ದೇವ್ರ ಮೇಲೆ. ಮಾತೆಲ್ಲ ಬೇರೆ.”

“ಟ್ಯೂನ್ ನಂದು. ನಾನ್ ಮಾಡಿದ್ದು.”

“ಮನೇಲಿ ನಿಂದು ನಂದು ಅಂತೆಲ್ಲ ಮಾತಾಡ್ತಾರೇನೇ? ನನ್ನ ಓಲೆ ನಾಳೆ ನಿಂಗೇ ತಾನೆ? ನಾನ್ ಲೆಕ್ಕ ಇಟ್ಟಿದೀನಾ?”

“ಅವ್ರು ಕೇಳಿದ್ರಲ್ಲ, ಯಾರು ಮಾಡಿದ್ದು ಅಂತ. ನನ್ನ ಹೆಸ್ರು ಹೇಳ್ಬೋದಿತ್ತು.”

ಅಮ್ಮ ಬಳೆಗಳನ್ನು ಒಂದೊಂದಾಗಿ ತೆಗೆದು ಕೌಂಟರಿನ ಮೇಲೆ ಇಟ್ಟಳು. ಆಮೇಲೆ ಹೇಳಿದಳು, ತುಂಬ ಮೆಲ್ಲಗೆ:

“ಸತ್ತಿದ್ದು ನನ್ನಮ್ಮ ಕಣೇ. ನಿಂಗೆ ಅವಳು ಭಾನುವಾರದ ಫೋನ್. ಆ ಹಾಡು ನನಗೆ ಬರ್ಬೇಕಿತ್ತು. ನಿಂಗ್ಯಾಕೆ ಬಂತು?”

ಇವತ್ತಿಗೂ ಆ ಮಾತು ಪೂರ್ತಿ ಸುಳ್ಳೆಂದು ಹೇಳಲಾರೆ. ಆದರೆ ಅಂದು ನನಗೆ ಕೇಳಿಸಿದ್ದು ಒಂದೇ: ನಾನು ಕಟ್ಟಿದ್ದೆಂದು ಅವಳಿಗೆ ಚೆನ್ನಾಗಿ ಗೊತ್ತು, ಗೊತ್ತಿದ್ದೇ ಕಿತ್ತುಕೊಂಡಿದ್ದಾಳೆ. ಮರುದಿನದಿಂದ ಕ್ಲಾಸೆಟ್ಟಿನ ಬಾಗಿಲಿಗೆ ಒಳಗಿನಿಂದ ಕುರ್ಚಿ ಒತ್ತಿ ಇಟ್ಟೆ. ಅಮ್ಮ ಎರಡು ಮೂರು ಸಲ ಬಂದು ತಟ್ಟಿ ಹೋದಳು. ಆಮೇಲೆ ಬರಲಿಲ್ಲ.

ಹಾಡು ಮಾತ್ರ ಅಮ್ಮನನ್ನು ಎಲ್ಲೆಲ್ಲಿಗೋ ಕರೆದುಕೊಂಡು ಹೋಯಿತು. ವಾಟ್ಸಾಪಿನಲ್ಲಿ ಹರಿದಾಡಿತು. ಸಭಾಂಗಣಗಳು ತೆರೆದಮೇಲೆ ಅಟ್ಲಾಂಟಾ ಕಡೆಯ ಕನ್ನಡದವರು ಯುಗಾದಿಗೆ ಕರೆದರು. ಅದರ ಪಕ್ಕದ ಡುಲುತ್‌ನಲ್ಲಿದ್ದ ವೀಣಾ ಆಂಟಿ, ಅಮ್ಮನ ಕಾಲೇಜು ಸ್ನೇಹಿತೆ, ಫೋನ್ ಮಾಡಿ ನಿಮ್ಮ ಹುಡುಗಿ ಬ್ಯಾಂಜೋ ನುಡಿಸುತ್ತಾಳಂತೆ, ಆ ಹಾಡಿಗೆ ಅವಳೂ ನುಡಿಸಲಿ, ಜನಕ್ಕೆ ಹೊಸದಾಗಿರುತ್ತದೆ ಅಂದರು. ನಾನು ಸಾಯುತ್ತೇನೆ ಹೊರತು ನುಡಿಸುವುದಿಲ್ಲ ಅಂದೆ. ಬ್ಯಾಂಜೋವನ್ನು ಅಪ್ಪನೇ ಕಾರಿನ ಹಿಂದೆ ಇಟ್ಟರು. ಇಡೀ ದಿನ ಡ್ರೈವ್. ಸೌತ್ ಕ್ಯಾರೊಲೈನಾದ ಒಂದು ರೆಸ್ಟ್ ಏರಿಯಾದಲ್ಲಿ ಅಮ್ಮ ಕಾರಿನೊಳಗೆ ಗಂಟಲಿಗೆ ಕರಿಮೆಣಸು ಕಷಾಯ ಕುಡಿಯುತ್ತ ಕೂತಿದ್ದಳು. ನಾನೂ ಅಪ್ಪನೂ ಪಿಕ್ನಿಕ್ ಟೇಬಲ್ಲಿನ ಮೇಲೆ ಫಾಯಿಲ್ ಬಿಚ್ಚಿ ಪುಳಿಯೋಗರೆ ತಿನ್ನುತ್ತಿದ್ದೆವು. ಮನೆಯ ಜಗಳಗಳಲ್ಲಿ ಯಾವತ್ತೂ ಬಾಯಿ ಹಾಕದ ಅಪ್ಪ ಅಂದು ಬಾಯಿ ಬಿಟ್ಟರು.

“ಏನಾಗಿದೆ ಅಂತ ನಂಗೊತ್ತಿಲ್ಲ, ಕೇಳೋದೂ ಇಲ್ಲ. ಇದೊಂದ್ಸಲ ನುಡಿಸ್ಬಿಡಮ್ಮ. ಅಮ್ಮಂಗೆ ಇಲ್ಲಿ ಇನ್ನೇನಿದೆ ಹೇಳು?”

“ನಂಗೇನಿದೆ ಅಪ್ಪ?”

“ನಿಂಗೆ ಇನ್ನೂ ಎಲ್ಲಾ ಇದೆಯಲ್ಲ,” ಎಂದು ಕೈ ತೊಳೆಯಲು ಎದ್ದುಹೋದರು.

ನುಡಿಸಿದೆ. ಒಂದು ಹೈಸ್ಕೂಲಿನ ಆಡಿಟೋರಿಯಂ, ಮಾವಿನೆಲೆ ಬದಲು ಪೇಪರಿನ ತೋರಣ, ಮುಂದಿನ ಸಾಲಿನಲ್ಲಿ ಹಿರಿಯ ಡಾಕ್ಟರುಗಳ ಕುಟುಂಬಗಳು. ಅಮ್ಮ ಕಟ್ಟಿದ ಹಾಡಿಗೆ ಮಗಳು ಬ್ಯಾಂಜೋ, ನಮ್ಮ ಸಂಸ್ಕೃತಿ ಮುಂದಿನ ಜನರೇಷನ್ನಿಗೆ ದಾಟುವುದು ಹೀಗೆ ಎಂದು ವೀಣಾ ಆಂಟಿ ಮೈಕಿನಲ್ಲಿ ಹೇಳಿದರು. ನನ್ನ ಹಾಡನ್ನು ನಾನು ಅಮ್ಮನ ಹಿಂದೆ ಹಿಂದೆ ಆದಿತಾಳದಲ್ಲಿ ನುಡಿಸಿಕೊಂಡು ಹೋದೆ. ನಾನು ನಿಲ್ಲಿಸುತ್ತಿದ್ದ ಕಡೆ ಅಮ್ಮ ನಿಲ್ಲಿಸಲಿಲ್ಲ. ನನ್ನ ಕೈ ಅಲ್ಲಿ ತಡವರಿಸಿತು, ಅಮ್ಮ ನನ್ನ ಕಡೆ ತಿರುಗಿ ತಾಳ ಹಾಕಿ ತೋರಿಸಿದಳು. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಊಟದ ಸಾಲಿನಲ್ಲಿ ಹೋಳಿಗೆ ತಟ್ಟೆ ಹಿಡಿದು ನಿಂತಿದ್ದಾಗ ವಯಸ್ಸಾದ ಆಂಟಿಯೊಬ್ಬರು ಬಂದು ಅಮ್ಮನ ಕೈ ಹಿಡಿದುಕೊಂಡರು. ಈ ದೇಶಕ್ಕೆ ಬಂದು ನಲವತ್ತು ವರ್ಷವಾಯಿತು, ನನ್ನಮ್ಮ ಹೋದಾಗಲೂ ಹೋಗಲಾಗಲಿಲ್ಲ, ಇದನ್ನು ಹೇಗಮ್ಮ ಕಟ್ಟಿದೆ ಎಂದು ಕೇಳಿದರು. ಅಮ್ಮನ ಕಣ್ಣು ತುಂಬಿತು.

“ಏನ್ ಹೇಳ್ಲಿ ಆಂಟಿ. ಇವ್ರು ಪಕ್ಕದ ರೂಮಲ್ಲಿ ಮೀಟಿಂಗಲ್ಲಿ ಇರ್ತಿದ್ರು. ಅಳೋ ಹಾಗೂ ಇಲ್ಲ. ಕ್ಲಾಸೆಟ್ ಒಳಗೆ ಬಾಗಿಲು ಹಾಕ್ಕೊಂಡು, ಸೀರೆಗಳ ಮಧ್ಯೆ ಕೂತ್ಕೊಂಡು, ಮೆಲ್ಲಗೆ, ಉಸಿರಲ್ಲೇ ಹಾಡ್ಕೋತಿದ್ದೆ. ಫೋನಲ್ಲಿ ಅಮ್ಮನ ಕಿವಿ ಮಾತ್ರ ಕಾಣ್ತಿತ್ತು, ಆ ಕಿವಿಗೆ ಹಾಡ್ದೆ.”

ನಾನು ಪಕ್ಕದಲ್ಲೇ ಇದ್ದೆ. ತಟ್ಟೆಯಲ್ಲಿ ತುಪ್ಪ ಸೋರುತ್ತಿತ್ತು. ನನ್ನ ಮಧ್ಯಾಹ್ನಗಳನ್ನು, ನನ್ನ ಸೀರೆಗಳ ನಡುವಿನ ಜಾಗವನ್ನು, ನನ್ನ ಉಸಿರನ್ನು ಅಮ್ಮ ಅಳುತ್ತ ಯಾರಿಗೋ ಹೇಳುತ್ತಿದ್ದಳು, ಅದೆಲ್ಲ ತನಗೆ ಆಗಿದ್ದೆಂದು. ಆ ಆಂಟಿ ನನ್ನ ಕೆನ್ನೆ ಮುಟ್ಟಿ ಕೇಳಿದರು:

“ನಿಂಗೆ ಅಜ್ಜಿ ನೆನಪಿದೆಯೇನಮ್ಮ?”

“ಸ್ವಲ್ಪ,” ಅಂದೆ. ಹೋಳಿಗೆ ತಿಂದು ಮುಗಿಸಿದೆ.

ಹದಿನೆಂಟಾದ ಕೂಡಲೇ ನಾರ್ತ್ ಕ್ಯಾರೊಲೈನಾದ ಕಾಲೇಜಿಗೆ ಸೇರಿಕೊಂಡೆ. ಅಮ್ಮ ಈಗ ಸಂಗೀತದ ಪಾಠ ಹೇಳುತ್ತಾಳೆ, ಗ್ರೀನ್ ಕಾರ್ಡ್ ಬಂದಮೇಲೆ ಶುರುಮಾಡಿದಳು, ಶನಿವಾರ ಮನೆ ತುಂಬ ಮಕ್ಕಳು. ನಾವು ಮಾತು ಬಿಟ್ಟವರಲ್ಲ. ವಾರಕ್ಕೊಮ್ಮೆ ಫೋನ್ ಮಾಡುತ್ತೇನೆ, ಸಾರಿನ ಪುಡಿ ತೀರಿತಾ ಎಂದು ಕೇಳುತ್ತಾಳೆ, ಇಲ್ಲ ಎನ್ನುತ್ತೇನೆ, ಆದರೂ ಕಳಿಸುತ್ತಾಳೆ. 

ಕಳೆದ ಚಳಿಗಾಲದಲ್ಲಿ ಆಶ್‌ವಿಲ್ಲಿನ ಒಂದು ಸಣ್ಣ ಜಾಗದಲ್ಲಿ ಇಡೀ ಸಂಜೆ ನಾನೊಬ್ಬಳೇ ಹಾಡುವ ಮೊದಲ ಕಾರ್ಯಕ್ರಮವಿತ್ತು. ಅವತ್ತು ಮಧ್ಯಾಹ್ನ ಅಮ್ಮ ತಾನಾಗಿ ಫೋನ್ ಮಾಡಿದಳು. ಏನೇನು ಹಾಡುತ್ತೀಯ ಎಂದು ಕೇಳಿದಳು, ಹೇಳಿದೆ. ಕನ್ನಡದ್ದು ಒಂದೂ ಇಲ್ವಾ ಅಂದಳು. ಇಲ್ಲ ಅಂದೆ. ಆ ಕಡೆ ಬಾಗಿಲು ಹಾಕಿಕೊಂಡ ಸದ್ದು ಕೇಳಿಸಿತು. ಈಗ ಹೇಳುತ್ತಾಳೆ, ಆ ಹಾಡು ನಿನ್ನದೆಂದು ಇಷ್ಟು ವರ್ಷದ ಮೇಲೆ ಈಗಲಾದರೂ ಹೇಳುತ್ತಾಳೆ ಎಂದು ಫೋನನ್ನು ಕಿವಿಗೆ ಒತ್ತಿಕೊಂಡೆ. ಅದಕ್ಕೇ ಕಾಯುತ್ತಿದ್ದೆನೆಂದು ನನಗೇ ಗೊತ್ತಿರಲಿಲ್ಲ.

“ಆ ನನ್ನ ಹಾಡು ಹಾಡ್ಬೋದಲ್ವಾ ಪುಟ್ಟಿ? ನಿನ್ನ ದನಿಗೆ ಚೆನ್ನಾಗಿ ಹೊಂದುತ್ತೆ.”

ನಾನು ಬ್ಯಾಂಜೋದ ಬೆನ್ನಿಗೆ ಸಾಕ್ಸ್ ತುರುಕತೊಡಗಿದೆ.

“ಸಂಕೋಚ ಮಾಡ್ಕೋಬೇಡ. ನಾನೇನು ಬೇಡ ಅಂತೀನಾ? ಧಾರಾಳವಾಗಿ ಹಾಡು. ಅಮ್ಮ ಕಟ್ಟಿದ್ದು ಅಂತ ಒಂದ್ ಮಾತು ಹೇಳ್ಬಿಡು, ಅಷ್ಟೇ.”

ಆ ದನಿಯಲ್ಲಿ ಎಲ್ಲಾದರೂ ಒಂದು ಅಳುಕು ಇದೆಯಾ ಎಂದು ಹುಡುಕಿದೆ. ಇರಲಿಲ್ಲ. ಅಮ್ಮ ಸುಳ್ಳು ಹೇಳುತ್ತಿರಲಿಲ್ಲ, ಪ್ರೀತಿಯಿಂದ ತನ್ನದನ್ನು ಮಗಳಿಗೆ ಕೊಡುತ್ತಿದ್ದಳು. ಆ ಹಾಡು ಯಾರದೆಂದು ತಿಳಿದಿದ್ದವರು ಲೋಕದಲ್ಲಿ ಇಬ್ಬರೇ ಇದ್ದೆವು. ನಮ್ಮಲ್ಲೊಬ್ಬಳು ಅದನ್ನು ಯಾವಾಗಲೋ ಮರೆತುಬಿಟ್ಟಿದ್ದಳು, ನಾನು ಇಷ್ಟು ವರ್ಷ ಸಿಟ್ಟು ಮಾಡಿಕೊಂಡಿದ್ದು ಗೊತ್ತಿದ್ದೇ ಕಿತ್ತುಕೊಂಡ ಆ ಹಳೆಯ ಅಮ್ಮನ ಮೇಲೆ.

“ಹೇಳ್ತೀನಮ್ಮ,” ಅಂದೆ.

ಅಂದು ಆ ಹಾಡು ಹಾಡಲಿಲ್ಲ. ಆಮೇಲೂ ಹಾಡಿಲ್ಲ.